ಕೋಳಿಗೆ ಹಾಕಿದ ಪ್ರೋಟೀನ್‌ನಲ್ಲಿ ತತ್ತಿ ಸೇರುವುದು ಮೂರರಲ್ಲಿ ಒಂದು ಪಾಲು

ಮಾನ್ಯ ಸಂಪಾದಕರೇ,

ತತ್ತಿಯ ದರ ಏರಿದಾಗಲೆಲ್ಲ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ. ಹೊಸಪೇಟೆಯಲ್ಲಿ ದರ ಎಷ್ಟು, ಹೈದರಾಬಾದ್‌ನಲ್ಲಿ ಎಷ್ಟು, ಮೆಕ್ಕೆಜೋಳ ಕ್ವಿಂಟಲಿಗೆ ಎಷ್ಟಾಯಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಮ್ಮ ಭಾಗಕ್ಕೆ ಇಷ್ಟು ಮಾತು ಸಾಲದು. ಶಾಲಾ ಮಕ್ಕಳಿಗೆ ತತ್ತಿ ಕೊಡುವ ಯೋಜನೆ ಡಿಸೆಂಬರ್ 2021ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮೂರೂ ಇದ್ದವು. 2024ರಿಂದ ಅದು ವಾರಕ್ಕೆ ಆರು ದಿನದ ಯೋಜನೆಯಾಗಿದೆ. ಬೇಡಿಕೆ ಇನ್ನು ಇಳಿಯುವುದಿಲ್ಲ. ಹಾಗಾದರೆ ಇಷ್ಟು ತತ್ತಿಗೆ ಬೇಕಾದ ಸೋಯಾ, ಜೋಳ, ನೀರು ಎಲ್ಲಿಂದ ಬರಬೇಕು, ಅದರಲ್ಲಿ ಎಷ್ಟು ಪೋಲಾಗುತ್ತಿದೆ ಎಂಬುದನ್ನು ಸಾಕಣೆದಾರರೂ ಅಧಿಕಾರಿಗಳೂ ಒಟ್ಟಿಗೆ ಕೂತು ನೋಡಬೇಕು. ಕೋಳಿ ದಾಣಿ ತಯಾರಿಕೆ ಮತ್ತು ಫಾರ್ಮ್ ನಿರ್ವಹಣೆಯಲ್ಲಿ ತೊಡಗಿರುವ ನಾವು ಕೆಲವರು ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದು ಲೇಯರ್ (ತತ್ತಿಗಾಗಿ ಸಾಕುವ) ಕೋಳಿ ದಿನಕ್ಕೆ ಸುಮಾರು 110 ಗ್ರಾಂ ದಾಣಿ ತಿನ್ನುತ್ತದೆ. ದಾಣಿಯಲ್ಲಿ ಶೇ 17ರಷ್ಟು ಪ್ರೋಟೀನ್ ಇದ್ದರೆ 18.7 ಗ್ರಾಂ ಹೊಟ್ಟೆಗೆ ಹೋಯಿತು. 55 ಗ್ರಾಂ ತೂಕದ ತತ್ತಿಯಲ್ಲಿರುವ ಪ್ರೋಟೀನ್ ಆರೂವರೆ ಗ್ರಾಂ ಆಸುಪಾಸು. ನೂರು ಕೋಳಿಗೆ ದಿನಕ್ಕೆ 90 ತತ್ತಿ ಬರುವ ಒಳ್ಳೆಯ ಫಾರ್ಮ್‌ನಲ್ಲೂ ತಲಾ ಲೆಕ್ಕ ಆರು ಗ್ರಾಂ ಮುಟ್ಟುವುದು ಕಷ್ಟ. ಅಂದರೆ ಮೂರರಲ್ಲಿ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಹಿಕ್ಕೆಗೆ ಹೋಗುತ್ತದೆ. 10,000 ಕೋಳಿಯ ಶೆಡ್‌ನ ಹಿಕ್ಕೆಯಲ್ಲಿ ದಿನವೊಂದಕ್ಕೆ ಬೀಳುವ ಸಾರಜನಕ ಹತ್ತಿರ ಹತ್ತಿರ 20 ಕೆ.ಜಿ. 45 ಕೆ.ಜಿ. ಯೂರಿಯಾ ಚೀಲವೊಂದರಲ್ಲಿ ಇರುವುದೂ ಅಷ್ಟೇ. ದಿನಕ್ಕೊಂದು ಚೀಲ ಯೂರಿಯಾ ಕೇಜ್‌ಗಳ ಕೆಳಗೆ ಬೀಳುತ್ತಿದೆ, ಅದಕ್ಕೆ ದುಡ್ಡು ಕೊಟ್ಟಿದ್ದು ಸೋಯಾ ಹಿಂಡಿಯ ದರದಲ್ಲಿ.

ಇದನ್ನೇ ಹೊಲದ ಲೆಕ್ಕಕ್ಕೆ ತಂದು ನೋಡಿ. ಅದೇ 10,000 ಕೋಳಿ ವರ್ಷಕ್ಕೆ 400 ಟನ್ ದಾಣಿ ತಿನ್ನುತ್ತವೆ. ಅದರಲ್ಲಿ ಸೋಯಾ ಹಿಂಡಿ ಶೇ 21 ಎಂದರೆ 84 ಟನ್. ಎಣ್ಣೆ ತೆಗೆದ ಮೇಲೆ ಕಾಳಿನ ಶೇ 80ರಷ್ಟು ಹಿಂಡಿ ಸಿಗುತ್ತದೆ ಎಂದೂ ಎಕರೆಗೆ 8 ಕ್ವಿಂಟಲ್ ಇಳುವರಿ ಎಂದೂ ಹಿಡಿದರೆ, ಒಂದು ಫಾರ್ಮ್‌ನ ಬೆನ್ನಿಗೆ ಸುಮಾರು 130 ಎಕರೆ ಸೋಯಾ ಹೊಲ ನಿಂತಿದೆ. ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ರೈತರಿಗೆ 130 ಎಕರೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಮೊದಲು ಹೋಗಬೇಕಾದದ್ದು ‘ಪ್ರೋಟೀನ್ ಹೆಚ್ಚು ಹಾಕಿದಷ್ಟೂ ತತ್ತಿ ಹೆಚ್ಚು’ ಎಂಬ ನಂಬಿಕೆ. ಕೋಳಿಗೆ ಬೇಕಾಗಿರುವುದು ಪ್ರೋಟೀನ್‌ನ ಘಟಕಗಳಾದ ಅಮೈನೋ ಆಮ್ಲಗಳು, ಅದೂ ನಿರ್ದಿಷ್ಟ ಪ್ರಮಾಣದಲ್ಲಿ: ಜೀರ್ಣವಾಗುವ ಲೈಸಿನ್ ದಿನಕ್ಕೆ ಹೆಚ್ಚುಕಡಿಮೆ 750ರಿಂದ 800 ಮಿ.ಗ್ರಾಂ, ಮೆಥಿಯೋನಿನ್ ಅದರ ಅರ್ಧದಷ್ಟು. ಮೆಕ್ಕೆಜೋಳ ಮತ್ತು ಸೋಯಾ ಸೇರಿದ ದಾಣಿಯಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್. ಆ ಒಂದನ್ನು ತುಂಬಿಸಲು ಹಿಂಡಿಯನ್ನೇ ಹೆಚ್ಚಿಸುತ್ತ ಹೋದರೆ ಉಳಿದ ಅಮೈನೋ ಆಮ್ಲಗಳೆಲ್ಲ ಮಿತಿಮೀರುತ್ತವೆ. ಕೋಳಿ ಅವುಗಳನ್ನು ಕೂಡಿಡಲಾರದು, ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತದೆ. ಹೊರಹಾಕಲು ಹೆಚ್ಚು ನೀರು ಕುಡಿಯುತ್ತದೆ, ಹಿಕ್ಕೆ ನೀರಾಗುತ್ತದೆ, ಶೆಡ್‌ನಲ್ಲಿ ಅಮೋನಿಯಾ ಏಳುತ್ತದೆ, ನೊಣ ಮುತ್ತುತ್ತವೆ. ನೊಣದ ಔಷಧಿಗೆ ದುಡ್ಡು ಸುರಿಯುವ ಎಷ್ಟೋ ಫಾರ್ಮ್‌ಗಳಲ್ಲಿ ಮೂಲ ದೋಷ ಇರುವುದು ದಾಣಿಯ ಸೂತ್ರದಲ್ಲಿ.

ಕಾರ್ಖಾನೆಯಲ್ಲಿ ತಯಾರಾದ ಅಮೈನೋ ಆಮ್ಲಗಳಾದ ಡಿಎಲ್-ಮೆಥಿಯೋನಿನ್, ಎಲ್-ಲೈಸಿನ್, ಬೇಕಿದ್ದರೆ ಥ್ರಿಯೋನಿನ್ ಬಳಸಿ ದಾಣಿಯ ಪ್ರೋಟೀನನ್ನು ಶೇ 17ರಿಂದ 16ಕ್ಕೆ ಇಳಿಸಿದರೆ ಟನ್ನಿಗೆ 28 ಕೆ.ಜಿ.ಯಷ್ಟು ಹಿಂಡಿ ಉಳಿದು ಆ ಜಾಗಕ್ಕೆ ಮೆಕ್ಕೆಜೋಳ ಬರುತ್ತದೆ. ಹಿಕ್ಕೆಯ ಸಾರಜನಕ ಶೇ 8ರಿಂದ 9ರಷ್ಟು ಇಳಿಯುತ್ತದೆ. ಮೇಲೆ ಹೇಳಿದ ಫಾರ್ಮ್‌ಗೆ ವರ್ಷಕ್ಕೆ 11 ಟನ್ ಹಿಂಡಿ, ಅಂದರೆ ಸುಮಾರು 17 ಎಕರೆಯ ಸೋಯಾ ಉಳಿತಾಯ. ಆದರೆ ಇದನ್ನು ಅಂದಾಜಿನ ಮೇಲೆ ಮಾಡಲಾಗದು. ಹಿಂಡಿಯ ನಿಜವಾದ ಪ್ರೋಟೀನ್ ಎಷ್ಟೆಂದು ಪರೀಕ್ಷೆ ಮಾಡಿಸದೆ, ಚೀಲದ ಮೇಲೆ ಬರೆದದ್ದನ್ನು ನಂಬಿ ಪ್ರೋಟೀನ್ ಇಳಿಸಿದರೆ ತತ್ತಿಯ ಗಾತ್ರ ಕುಸಿಯುತ್ತದೆ. ಶೇ 15ಕ್ಕಿಂತ ಕೆಳಗೆ ಇಳಿದರೆ ಟ್ರಿಪ್ಟೋಫಾನ್, ಐಸೋಲ್ಯೂಸಿನ್, ವ್ಯಾಲಿನ್ ಕೂಡ ಕೊರತೆಯಾಗುತ್ತವೆ. ಅಲ್ಲಿಗೆ ಹೋಗುವುದು ಸಣ್ಣ ಫಾರ್ಮ್‌ಗಳಿಗೆ ಬೇಡ.

ಸೋಯಾ ಹಿಂಡಿಯ ಗುಣಮಟ್ಟ ಎಂದರೆ ಪ್ರೋಟೀನ್ ಪ್ರಮಾಣ ಒಂದೇ ಅಲ್ಲ, ಅದು ಎಷ್ಟು ಬೆಂದಿದೆ ಎಂಬುದೂ ಹೌದು. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಅಂಶ ಇದೆ. ಪ್ರೋಟೀನ್ ಜೀರ್ಣವಾಗಲು ಅದು ಬಿಡುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಸೋಯಾ ಕೈಗೆ ಸಿಗುವಂತಿದೆ ಎಂದು ಕಾಳನ್ನು ಹುರಿಯದೆ ಒಡೆಸಿ ದಾಣಿಗೆ ಬೆರೆಸಿದರೆ ನಷ್ಟ ಖಚಿತ. ಅತಿಯಾಗಿ ಬೆಂದು ಕಂದಾದ ಹಿಂಡಿಯೂ ಅಷ್ಟೇ ಕೆಟ್ಟದ್ದು, ಅದರಲ್ಲಿ ಲೈಸಿನ್ ಸತ್ತಿರುತ್ತದೆ. ಫಾರ್ಮ್‌ನಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಯೂರಿಯಾ ಮತ್ತು ಫಿನಾಲ್ ರೆಡ್ ಬೆರೆಸಿದ ದ್ರಾವಣ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ತಟ್ಟೆಯಲ್ಲಿ ಒಂದು ಚಮಚ ಹಿಂಡಿ ಹರವಿ, ಅದು ಪೂರ್ತಿ ನೆನೆಯುವಷ್ಟು ದ್ರಾವಣ ಹಾಕಿ ಐದು ನಿಮಿಷ ಬಿಡಬೇಕು. ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಹದವಾಗಿ ಬೆಂದಿದೆ. ತಟ್ಟೆಯೆಲ್ಲ ಕೆಂಪಾದರೆ ಹಸಿ ಉಳಿದಿದೆ, ಆ ಲೋಡ್ ವಾಪಸ್ ಕಳಿಸಿ. ಅರ್ಧ ಗಂಟೆಯಾದರೂ ಒಂದೂ ಚುಕ್ಕೆ ಏಳದಿದ್ದರೆ ಅತಿಯಾಗಿ ಬೆಂದಿರುವ ಸಂಶಯ ಇದೆ; ಅದಕ್ಕೆ ಪ್ರಯೋಗಾಲಯದಲ್ಲಿ ಕ್ಷಾರದಲ್ಲಿ ಕರಗುವ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು.

ಮೆಕ್ಕೆಜೋಳದಲ್ಲಿ ದೊಡ್ಡ ಶತ್ರು ತೇವಾಂಶ. ಹಿಂಗಾರು ಮಳೆಗೆ ಸಿಕ್ಕಿ, ರಸ್ತೆಯ ಮೇಲೆ ಅರೆಬರೆ ಒಣಗಿ ಬಂದ ಕಾಳು ಶೇ 14ಕ್ಕಿಂತ ಹೆಚ್ಚು ತೇವ ಇಟ್ಟುಕೊಂಡು ಚೀಲ ಸೇರಿದರೆ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ದಾಣಿಯಲ್ಲಿ ಅದು 20 ಪಿಪಿಬಿ (ನೂರು ಕೋಟಿಯಲ್ಲಿ 20 ಭಾಗ) ದಾಟಬಾರದು. ದಾಟಿದರೆ ಕೋಳಿ ಕೂಡಲೇ ಸಾಯುವುದಿಲ್ಲ, ಆದ್ದರಿಂದಲೇ ಗುರುತು ಸಿಗುವುದಿಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬಿ, ತತ್ತಿ ಸಣ್ಣದಾಗಿ, ಅದರ ಹಳದಿ ಭಾಗ ಬಿಳಚಿಕೊಂಡು, ಲಸಿಕೆ ಹಾಕಿದರೂ ಹಿಡಿಯದೆ ತಿಂಗಳುಗಟ್ಟಲೆ ನಷ್ಟ ನಡೆಯುತ್ತದೆ. ತೇವಾಂಶ ಮೀಟರ್ ಇಲ್ಲದವರು ಹೀಗೆ ಮಾಡಬಹುದು: ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಿ ಎರಡು ಮೂರು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ಶೇ 15 ದಾಟಿದೆ ಎಂದರ್ಥ. ಅಂಟದೆ ತಳಕ್ಕೆ ಬಿದ್ದರೆ ತೇವ ಶೇ 15ಕ್ಕಿಂತ ಕಡಿಮೆ; ಕೊಂಡು ಇನ್ನಷ್ಟು ಒಣಗಿಸಿ ಚೀಲಕ್ಕೆ ತುಂಬಬಹುದು. ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಹಾಕಿದ್ದೇವಲ್ಲ ಎಂದು ಹಸಿ ಕಾಳು ಕೊಳ್ಳುವುದು ತಪ್ಪು. ಬೈಂಡರ್ ಹಾನಿಯನ್ನು ತಗ್ಗಿಸುತ್ತದೆಯೇ ಹೊರತು ಬೂಷ್ಟು ತಿಂದುಹಾಕಿದ ಶಕ್ತಿಯನ್ನು ಮರಳಿ ತರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲೇ ಸಿಗುವ ಪದಾರ್ಥಗಳ ಬಗ್ಗೆ ಎರಡು ಮಾತು. ಮಳೆಗೆ ಸಿಕ್ಕದ ಜೋಳ, ಸಜ್ಜೆ ಎರಡೂ ಮೆಕ್ಕೆಜೋಳದ ಜಾಗಕ್ಕೆ ಬರಬಲ್ಲವು. ಟ್ಯಾನಿನ್ ಕಡಿಮೆ ಇರುವ ಬಿಳಿ ಜೋಳದ ಶಕ್ತಿ ಮೆಕ್ಕೆಜೋಳಕ್ಕಿಂತ ಸ್ವಲ್ಪವೇ ಕಡಿಮೆ. ಸಜ್ಜೆಯಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಎರ್ಗಾಟ್ ಎಂಬ ಶಿಲೀಂಧ್ರ ರೋಗ ಹತ್ತಿದ ಕಾಳು ಇದೆಯೇ ಎಂದು ನೋಡಿಕೊಳ್ಳಬೇಕು. ಇವೆರಡರಲ್ಲೂ ಹಳದಿಗೆ ಬಣ್ಣ ಕೊಡುವ ಅಂಶ ಇಲ್ಲ, ಹಾಗಾಗಿ ಮೆಕ್ಕೆಜೋಳ ಪೂರ್ತಿ ಬಿಟ್ಟರೆ ತತ್ತಿ ಬಿಳಚಿದಂತೆ ಕಂಡು ಗಿರಾಕಿ ಗೊಣಗುತ್ತಾರೆ. ಪೌಷ್ಟಿಕತೆಯಲ್ಲಿ ಏನೂ ಕೊರತೆ ಇರುವುದಿಲ್ಲ. ಅರ್ಧ ಮೆಕ್ಕೆಜೋಳ, ಅರ್ಧ ಜೋಳ ಇಟ್ಟರೆ ಈ ತಕರಾರೂ ಬರುವುದಿಲ್ಲ. ಊಟದ ಹಿಂಗಾರಿ ಜೋಳವನ್ನು ಕೋಳಿಗೆ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಮುಂಗಾರಿ ಜೋಳ, ಒಡೆದ ಕಾಳು, ಜರಡಿಯಲ್ಲಿ ಉಳಿದದ್ದು ಬೂಷ್ಟು ಹಿಡಿಯದಿದ್ದರೆ ಸಾಕು.

ಕಲಬುರಗಿಯ ದಾಲ್ ಮಿಲ್‌ಗಳಿಂದ ಬರುವ ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಹೊಟ್ಟು) ಇನ್ನೊಂದು. ನುಚ್ಚು, ಮೊಳಕೆಯ ಭಾಗ ಹೆಚ್ಚಿದ್ದ ಚುನ್ನಿ ಒಳ್ಳೆಯದು. ಹೊಟ್ಟು ಹೆಚ್ಚಿದ್ದರೆ ನಾರು ಏರಿ ದಾಣಿಯ ಶಕ್ತಿ ಕುಸಿಯುತ್ತದೆ. ಲಾಟ್‌ನಿಂದ ಲಾಟ್‌ಗೆ ಇಷ್ಟು ವ್ಯತ್ಯಾಸ ಇರುವ ವಸ್ತುವನ್ನು ಶೇ 5ಕ್ಕಿಂತ ಹೆಚ್ಚು ಹಾಕದಿರುವುದೇ ಕ್ಷೇಮ. ಕುಸುಬೆ ಹಿಂಡಿಯಲ್ಲಿ ಲೈಸಿನ್ ಕಡಿಮೆ, ಸಿಪ್ಪೆ ಜಾಸ್ತಿ.

ಹತ್ತಿಕಾಳಿನ ಹಿಂಡಿ ಮಾತ್ರ ಲೇಯರ್‌ಗೆ ಬೇಡವೇ ಬೇಡ. ಯಾದಗಿರಿ, ಜೇವರ್ಗಿ ಕಡೆ ಹತ್ತಿ ಹೆಚ್ಚಾದ ಮೇಲೆ ಅಗ್ಗಕ್ಕೆ ಸಿಗುತ್ತದೆಂದು ಆಸೆಪಡುವವರಿದ್ದಾರೆ. ಅದರಲ್ಲಿನ ಗಾಸಿಪಾಲ್ ಎಂಬ ವಿಷಕಾರಿ ಅಂಶ ಹಳದಿಯಲ್ಲಿನ ಕಬ್ಬಿಣದ ಜೊತೆ ಸೇರುತ್ತದೆ. ತತ್ತಿ ಇಟ್ಟ ದಿನ ಒಡೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದೆರಡು ವಾರ ಇಟ್ಟು ಒಡೆದರೆ ಹಳದಿ ಪಾಚಿಯ ಬಣ್ಣಕ್ಕೆ ತಿರುಗಿರುತ್ತದೆ. ಹಿಂಡಿಯಲ್ಲಿ ಉಳಿದ ಎಣ್ಣೆಯ ಇನ್ನೊಂದು ಅಂಶದಿಂದ ಬಿಳಿಯ ಭಾಗ ನಸುಗೆಂಪಾಗುತ್ತದೆ, ಹಳದಿ ಅಂಟಂಟಾಗಿ ಗಟ್ಟಿಯಾಗುತ್ತದೆ. ಗಿರಾಕಿ ಅದನ್ನು ಕೊಳೆತ ತತ್ತಿ ಎಂದೇ ಎಸೆಯುತ್ತಾನೆ. ಶಾಲೆಯ ಅಡುಗೆಮನೆಯಲ್ಲಿ ಹೀಗಾದರೆ ಮಕ್ಕಳು ಆಮೇಲೆ ತತ್ತಿ ಮುಟ್ಟುವುದಿಲ್ಲ.

ರಂಜಕದ (ಫಾಸ್ಫರಸ್) ವಿಷಯದಲ್ಲೂ ಇಂಥದೇ ಪೋಲು ನಡೆಯುತ್ತಿದೆ. ಕಾಳು, ಹಿಂಡಿ, ತೌಡುಗಳಲ್ಲಿ ಇರುವ ರಂಜಕದ ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ, ಕೋಳಿಗೆ ಅದನ್ನು ಬಿಡಿಸಿಕೊಳ್ಳಲು ಬರುವುದಿಲ್ಲ. ಅದಕ್ಕೇ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಹಾಕುತ್ತೇವೆ. ಕೆ.ಜಿ. ದಾಣಿಗೆ 500 ಯೂನಿಟ್‌ನಂತೆ ಫೈಟೇಸ್ ಕಿಣ್ವ ಬೆರೆಸಿದರೆ ಕೋಳಿಗೆ ದಕ್ಕುವ ರಂಜಕ ಸುಮಾರು ಶೇ 0.1ರಷ್ಟು ಹೆಚ್ಚುತ್ತದೆ, ಟನ್ನಿಗೆ ಐದೂವರೆ ಕೆ.ಜಿ. ಡಿಸಿಪಿ ಕಡಿಮೆ ಮಾಡಬಹುದು. ಎಷ್ಟೋ ಕಡೆ ಫೈಟೇಸ್ ಹಾಕುತ್ತಾರೆ, ಡಿಸಿಪಿಯನ್ನು ಮಾತ್ರ ಹಾಗೇ ಬಿಡುತ್ತಾರೆ. ಎರಡಕ್ಕೂ ಹಣ ಕೊಟ್ಟು, ಹೆಚ್ಚಾದ ರಂಜಕವನ್ನು ಹಿಕ್ಕೆಗೆ ಕಳಿಸಿದಂತಾಯಿತು. ಲೇಯರ್ ದಾಣಿ ಪುಡಿಯ ರೂಪದಲ್ಲೇ ಇರುವುದರಿಂದ ಪೆಲೆಟ್ ಯಂತ್ರದ ಬಿಸಿಗೆ ಕಿಣ್ವ ಸಾಯುವ ಭಯ ಇಲ್ಲ, ಆದರೆ ತಗಡಿನ ಗೋದಾಮಿನಲ್ಲಿ ಏಪ್ರಿಲ್ ತಿಂಗಳಿಡೀ ಇಟ್ಟರೆ ಶಕ್ತಿ ಕುಂದುತ್ತದೆ. ತಿಂಗಳು, ಎರಡು ತಿಂಗಳಿಗೆ ಬೇಕಾದಷ್ಟೇ ಕೊಂಡು ತಂಪಾದ ಕೋಣೆಯಲ್ಲಿಡಿ.

ಇನ್ನು ಬೇಸಿಗೆ. ಕಲಬುರಗಿ, ಯಾದಗಿರಿಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಎಲ್ಲ ಲೆಕ್ಕ ಬದಲಾಗುತ್ತದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 110 ಗ್ರಾಂ ತಿನ್ನುತ್ತಿದ್ದ ಕೋಳಿ 95 ಗ್ರಾಂಗೆ ಇಳಿದರೆ, ಅದೇ ಶೇ 17ರ ದಾಣಿಯಿಂದ ಸಿಗುವ ಪ್ರೋಟೀನ್ 18.7ರಿಂದ 16.1 ಗ್ರಾಂಗೆ ಬೀಳುತ್ತದೆ. ಸುಣ್ಣಾಂಶವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಹೀಗಾಗಿ ಬೇಸಿಗೆಯ ದಾಣಿಯಲ್ಲಿ ಪ್ರತಿ ಗ್ರಾಂ ಗಟ್ಟಿಯಾಗಿರಬೇಕು. ಆದರೆ ಪ್ರೋಟೀನ್ ಜೀರ್ಣಿಸುವಾಗಲೇ ಮೈಯಲ್ಲಿ ಹೆಚ್ಚು ಶಾಖ ಹುಟ್ಟುವುದರಿಂದ ಹಿಂಡಿ ಹೆಚ್ಚಿಸಿದರೆ ಕೋಳಿಗೆ ಇನ್ನಷ್ಟು ಸಂಕಟ. ಅಮೈನೋ ಆಮ್ಲಗಳನ್ನು ನೇರವಾಗಿ ಸೇರಿಸಿ, ಶಕ್ತಿಯ ಒಂದು ಪಾಲನ್ನು ಎಣ್ಣೆಯಿಂದ ಕೊಡುವುದೇ ಸರಿ. ಟನ್ನಿಗೆ 10ರಿಂದ 15 ಕೆ.ಜಿ. ಎಣ್ಣೆ ಹಾಕಿದರೆ ದಾಣಿಯ ಧೂಳೂ ಕಡಿಮೆಯಾಗುತ್ತದೆ.

ಬೇಸಿಗೆಯಲ್ಲಿ ತತ್ತಿಯ ಸಿಪ್ಪೆ ತೆಳುವಾಗುವುದಕ್ಕೆ ಮೇವಿನಲ್ಲಿ ಸುಣ್ಣ ಕಡಿಮೆಯಾದದ್ದಷ್ಟೇ ಕಾರಣವಲ್ಲ. ಕೋಳಿಗೆ ಬೆವರು ಗ್ರಂಥಿ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗೆ ಏದುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಬೈಕಾರ್ಬೊನೇಟ್ ಕುಸಿಯುತ್ತದೆ. ತತ್ತಿಯ ಸಿಪ್ಪೆ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಇದ್ದರೂ ಕಾರ್ಬೊನೇಟ್ ಸಾಲದೆ ಸಿಪ್ಪೆ ತೆಳುವಾಗುತ್ತದೆ. ಟನ್ನಿಗೆ 1.5ರಿಂದ 2 ಕೆ.ಜಿ. ಅಡುಗೆ ಸೋಡಾ ಬೆರೆಸಿ, ಆ ಲೆಕ್ಕಕ್ಕೆ ಉಪ್ಪನ್ನು 3 ಕೆ.ಜಿ.ಯಿಂದ 2ಕ್ಕೆ ಇಳಿಸುವುದು ಇದಕ್ಕೇ. ಜೊತೆಗೆ 200 ಗ್ರಾಂ ವಿಟಮಿನ್ ಸಿ.

ಉಪ್ಪು ಇಳಿಸುವಾಗ ಬೋರ್‌ವೆಲ್ ನೀರನ್ನು ಮರೆಯಬಾರದು. ನಮ್ಮ ಕಡೆ ಸವುಳು ನೀರಿನ ಬೋರ್ ಬಹಳ. ನೀರಿನಲ್ಲಿರುವ ಉಪ್ಪು ದಾಣಿಯ ಉಪ್ಪಿಗಿಂತ ಹೆಚ್ಚಾಗಿ ಸಿಪ್ಪೆಯನ್ನು ಕೆಡಿಸುತ್ತದೆ. ಸಿಪ್ಪೆ ಕಟ್ಟುವ ಅಂಗದಲ್ಲಿ ಕೆಲಸ ಮಾಡುವ ಕಿಣ್ವವನ್ನೇ ಅದು ಕುಂದಿಸುತ್ತದೆ. ಗ್ರಿಟ್ (ಸುಣ್ಣಕಲ್ಲಿನ ಸಣ್ಣ ಚೂರು) ಹೆಚ್ಚಿಸಿ, ವಿಟಮಿನ್ ಡಿ ಹಾಕಿ, ಏನು ಮಾಡಿದರೂ ಬಿರುಕು ತತ್ತಿ ನಿಲ್ಲದ ಫಾರ್ಮ್‌ನಲ್ಲಿ ಮೊದಲು ನೀರಿನ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಕುಡಿಯುವ ಮಟ್ಟಿಗಾದರೂ ಮಳೆನೀರು ಅಥವಾ ಸಿಹಿನೀರು ಬೆರೆಸುವ ದಾರಿ ನೋಡಬೇಕು. ನೀರಿನ ತಾಪವೂ ಮುಖ್ಯ. ತಗಡಿನ ಮೇಲೆ ಹಾದ ಪೈಪಿನಲ್ಲಿ ಮಧ್ಯಾಹ್ನ ಎರಡಕ್ಕೆ ಕೈ ಸುಡುವಂಥ ನೀರು ಬರುತ್ತಿದ್ದರೆ ಕೋಳಿ ಅದನ್ನು ಮುಟ್ಟುವುದಿಲ್ಲ. ಪೈಪನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂತು, ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೀರು ಚಿಮುಕಿಸಿ, ಹೊತ್ತೇರಿದ ಮೇಲೆ ಲೈನಿನ ಕೊನೆಯ ವಾಲ್ವ್ ತೆರೆದು ಬಿಸಿನೀರು ಹೊರಬಿಡಿ. ಗಡಸು ನೀರಿನ ಸುಣ್ಣ ಕೋಳಿ ನೀರು ಕುಡಿಯುವ ನಿಪ್ಪಲ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಲೈನಿನ ಕೊನೆಯ ನಿಪ್ಪಲ್ ಒತ್ತಿಹಿಡಿದು ಒಂದು ನಿಮಿಷ ಲೋಟಕ್ಕೆ ನೀರು ಹಿಡಿಯಿರಿ. 60 ಮಿ.ಲೀ. ಬರದಿದ್ದರೆ ಆ ತುದಿಯ ಕೋಳಿಗಳು ಬಾಯಾರಿವೆ ಎಂದೇ ಲೆಕ್ಕ.

ದಾಣಿ ಹಾಕುವ ಹೊತ್ತು ಕೂಡ ಬದಲಾಗಬೇಕು. ಬೆಳಗಿನ ನಾಲ್ಕರಿಂದ ಒಂಬತ್ತರೊಳಗೆ ಒಂದು ಪಾಲು, ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದು ಪಾಲು. ನಡುವೆ ಹನ್ನೊಂದರಿಂದ ನಾಲ್ಕರವರೆಗೆ ತೊಟ್ಟಿಯಲ್ಲಿ ದಾಣಿ ಇರಬಾರದು. ಉಂಡದ್ದು ಜೀರ್ಣವಾಗುವ ಶಾಖ ಹೊರಗಿನ ಬಿಸಿಲಿಗೆ ಸೇರಿದರೆ ಕೋಳಿ ಕುಸಿದು ಬೀಳುತ್ತದೆ. ಕರೆಂಟ್ ನೆಚ್ಚಿಕೊಳ್ಳುವಂತಿದ್ದರೆ ನಡುರಾತ್ರಿ ಒಂದು ಗಂಟೆ ಬೆಳಕು ಹಾಕಿ ಮೇಯಲು ಬಿಡುವ ಪದ್ಧತಿ ಒಳ್ಳೆಯ ಫಲ ಕೊಡುತ್ತದೆ. ಆ ಬೆಳಕಿನ ಹಿಂದೆ ಮುಂದೆ ತಲಾ ಮೂರು ಗಂಟೆ ಕತ್ತಲೆ ಇರಬೇಕು. ಇಂದು ಹಾಕಿ ನಾಳೆ ಬಿಡುವಂತಿದ್ದರೆ ಶುರು ಮಾಡುವುದೇ ಬೇಡ.

ಸಿಪ್ಪೆಯ ಬಹುಭಾಗ ಕಟ್ಟುವುದು ರಾತ್ರಿ, ಕೋಳಿ ಮೇಯದ ಹೊತ್ತಿನಲ್ಲಿ. ಪುಡಿ ಸುಣ್ಣಕಲ್ಲು ಬೇಗ ಕರಗಿ ಸಂಜೆಯೊಳಗೇ ಮೂತ್ರಪಿಂಡ ದಾಟಿಹೋಗುತ್ತದೆ. 2ರಿಂದ 4 ಮಿ.ಮೀ. ಗಾತ್ರದ ಗ್ರಿಟ್ ಗಿಜಾರ್ಡ್‌ನಲ್ಲಿ (ಕಾಳು ಅರೆಯುವ ಜಠರ) ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಒಟ್ಟು ಸುಣ್ಣಕಲ್ಲಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗ್ರಿಟ್ ರೂಪದಲ್ಲಿರಲಿ, ಸಾಧ್ಯವಾದರೆ ಸಂಜೆಯ ದಾಣಿಯಲ್ಲಿ ಹೆಚ್ಚಿಗೆ ಇರಲಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲ ಸುಣ್ಣಕಲ್ಲಿನ ಮೇಲೆ ಕೂತ ಊರುಗಳೇ. ಗ್ರಿಟ್ ದೂರದಿಂದ ತರಿಸಬೇಕಿಲ್ಲ. ಹಾಗೆಂದು ಸಿಕ್ಕ ಕಲ್ಲನ್ನೆಲ್ಲ ಒಡೆಸಿ ಹಾಕುವಂತಿಲ್ಲ. ಕ್ಯಾಲ್ಸಿಯಂ ಶೇ 36-38 ಇರಬೇಕು, ಮೆಗ್ನೀಷಿಯಂ ಹೆಚ್ಚಿರುವ ಡಾಲಮೈಟ್ ಬೆರೆತಿರಬಾರದು, ಮರಳಿನಂಶ ಕಡಿಮೆ ಇರಬೇಕು. ಹಾಸುಗಲ್ಲಿನ ಚೂರಿನಲ್ಲಿ ಮರಳಿನಂಶ ಹೆಚ್ಚಿರುವ ಸಂಭವ ಉಂಟು. ತೂಗಿದ 10 ಗ್ರಾಂ ಪುಡಿಯನ್ನು ಗಾಜಿನ ಪಾತ್ರೆಯಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಗುಳ್ಳೆ ಪೂರ್ತಿ ನಿಂತ ಮೇಲೆ ತಳದಲ್ಲಿ ಉಳಿದದ್ದನ್ನು ತೊಳೆದು ಒಣಗಿಸಿ ತೂಗಿದರೆ ಕರಗದ ಭಾಗ ಎಷ್ಟೆಂದು ತಿಳಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಗಾಳಿಯಾಡುವ ಜಾಗದಲ್ಲಿ ಇದನ್ನು ಮಾಡಬೇಕು.

ಶೆಡ್ ತಂಪಾಗಿಸುವ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲ ಇದೆ. ನಡುಬೇಸಿಗೆಯ ಮಧ್ಯಾಹ್ನ ಇಲ್ಲಿ ಗಾಳಿ ಒಣಗಿರುತ್ತದೆ, ಹಾಗಾಗಿ ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ನಳಿಕೆ) ಬಿಟ್ಟ ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ. ಫ್ಯಾನ್ ಇಲ್ಲದೆ ಬರೀ ಫಾಗರ್ ಬಿಟ್ಟರೆ ಮಾತ್ರ ತೇವ ನಿಂತು ಉಸಿರುಗಟ್ಟುತ್ತದೆ. ಮಾಡಿಗೆ ಸುಣ್ಣ ಬಳಿಯುವುದು, ತೆಂಗಿನ ಗರಿ ಅಥವಾ ರವದಿ (ಕಬ್ಬಿನ ಒಣ ಎಲೆ) ಹೊದಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಪೋಲಾಗುವ ದಾಣಿಯ ಬಗ್ಗೆಯೂ ಹೇಳಬೇಕು. ಕೋಳಿಯೊಂದು ದಿನಕ್ಕೆ 3 ಗ್ರಾಂ ಚೆಲ್ಲಿದರೆ 10,000 ಕೋಳಿಗೆ 30 ಕೆ.ಜಿ., ವರ್ಷಕ್ಕೆ 11 ಟನ್. ತೊಟ್ಟಿಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸದಿದ್ದರೆ ಇದರಲ್ಲಿ ಬಹಳಷ್ಟು ಉಳಿಯುತ್ತದೆ. ಬೆಳಗಿನ ದಾಣಿ ಹಾಕಿ ಎರಡು ಮೂರು ಗಂಟೆಯಾದ ಮೇಲೆ ತೊಟ್ಟಿಯ ತಳಕ್ಕೆ ಕೈಹಾಕಿ ನೋಡಿ. ಮೇಲಿನ ಕಾಳಿನ ಚೂರೆಲ್ಲ ಖಾಲಿಯಾಗಿ ತಳದಲ್ಲಿ ಹಿಟ್ಟಿನಂಥ ಪುಡಿ ಉಳಿದಿದ್ದರೆ, ಕೋಳಿ ಜೋಳ ಆರಿಸಿ ತಿಂದು ವಿಟಮಿನ್, ಖನಿಜ, ಮೆಥಿಯೋನಿನ್ ಬಿಟ್ಟಿದೆ. ಹ್ಯಾಮರ್ ಮಿಲ್‌ನ ಜರಡಿ 5-6 ಮಿ.ಮೀ. ಇರಲಿ, ದಿನಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿಯಾಗುವ ಹೊತ್ತು ಇರಲಿ. ಮಿಕ್ಸರ್‌ಗೆ ಒಂದು ಕೆ.ಜಿ. ವಿಟಮಿನ್, ಖನಿಜಗಳ ಪ್ರಿಮಿಕ್ಸನ್ನು ನೇರವಾಗಿ ಸುರಿದರೆ ಟನ್ನಿನಲ್ಲಿ ಸಮನಾಗಿ ಹರಡುವುದಿಲ್ಲ. ಮೊದಲು 20 ಕೆ.ಜಿ. ಒಡೆದ ಜೋಳದಲ್ಲಿ ಕೈಯಿಂದ ಬೆರೆಸಿ, ಆಮೇಲೆ ಮಿಕ್ಸರ್‌ಗೆ ಹಾಕಿ, ನೆಟ್ಟಗೆ ನಿಲ್ಲುವ ಮಿಕ್ಸರ್ ಆದರೆ 12ರಿಂದ 15 ನಿಮಿಷ ತಿರುಗಿಸಬೇಕು.

ಹಿಕ್ಕೆಯ ವಿಷಯಕ್ಕೆ ಬರುತ್ತೇವೆ. 10,000 ಕೋಳಿಯಿಂದ ದಿನಕ್ಕೆ ಒಂದು ಟನ್‌ಗೂ ಹೆಚ್ಚು ಹಸಿ ಹಿಕ್ಕೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಒದ್ದೆಯಾಗಿಯೇ ಬಿಟ್ಟರೆ ಸಾರಜನಕದಲ್ಲಿ ಅರ್ಧದವರೆಗೂ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅದೇ ಗಾಳಿಯನ್ನು ಕೋಳಿಯೂ ಆಳೂ ಪಕ್ಕದ ಓಣಿಯವರೂ ಉಸಿರಾಡಬೇಕು. ಇನ್ನೊಂದು ಕಡೆ ಬೀದರ್, ಆಳಂದ, ಅಫಜಲಪುರದ ಕಬ್ಬಿನ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚುವುದು ನಿಂತಿಲ್ಲ. ಇವೆರಡನ್ನೂ ಸೇರಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಟನ್ ಹಸಿ ಹಿಕ್ಕೆಗೆ 500ರಿಂದ 600 ಕೆ.ಜಿ. ಕತ್ತರಿಸಿದ ರವದಿ ಬೆರೆಸಿದರೆ ಇಂಗಾಲ-ಸಾರಜನಕದ ಅನುಪಾತ ಸುಧಾರಿಸುತ್ತದೆ. ತೇವವೂ ತಾನಾಗಿಯೇ ಶೇ 50ಕ್ಕೆ ಬಂದು ನಿಲ್ಲುತ್ತದೆ, ಬೇರೆ ನೀರು ಬೇಕಾಗುವುದಿಲ್ಲ. ಕಾಂಪೋಸ್ಟ್‌ಗೆ ಬೇಕಾದ ಹದ ಅದೇ. ನಾಲ್ಕೈದು ಅಡಿ ಎತ್ತರದ ರಾಶಿ ಮಾಡಿದರೆ ಕೆಲವೇ ದಿನಗಳಲ್ಲಿ 55 ಡಿಗ್ರಿ ದಾಟುತ್ತದೆ, ಆ ಬಿಸಿಗೆ ನೊಣದ ಮರಿಯೂ ಕಳೆಯ ಬೀಜವೂ ಉಳಿಯುವುದಿಲ್ಲ. ವಾರಕ್ಕೊಮ್ಮೆಯಂತೆ ಮೂರು ಸಲ ಮಗುಚಿದರೆ ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ಮೂಗಿಗೆ ಘಾಟು ಹೊಡೆದರೆ ರವದಿ ಸಾಲದು. ರಾಶಿ ಬಿಸಿಯೇ ಆಗದಿದ್ದರೆ ರವದಿ ಹೆಚ್ಚಾಗಿದೆ ಅಥವಾ ಒಣಗಿದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯೂ ಆದೀತು, ಆದರೆ ಯಂತ್ರದಲ್ಲಿ ಸಣ್ಣಗೆ ಪುಡಿಮಾಡದೆ ಅವು ಕೊಳೆಯುವುದಿಲ್ಲ.

ಈ ಗೊಬ್ಬರವನ್ನು ಎಲ್ಲ ಬೆಳೆಗೂ ಒಂದೇ ಸಮ ಹಾಕಬಾರದು. ತೊಗರಿ ತನ್ನ ಸಾರಜನಕವನ್ನು ತಾನೇ ಕಟ್ಟಿಕೊಳ್ಳುವ ಬೆಳೆ, ಅದಕ್ಕೆ ಹೆಚ್ಚು ಸುರಿದರೆ ಗಿಡ ಸೊಕ್ಕಿ ಕಾಯಿ ಕಡಿಮೆಯಾಗುತ್ತದೆ. ಕಬ್ಬು, ಹತ್ತಿ, ಜೋಳ, ತರಕಾರಿಗೆ ಎಕರೆಗೆ ಒಂದೂವರೆಯಿಂದ ಎರಡು ಟನ್, ಬಿತ್ತನೆಗೆ ಮೂರು ನಾಲ್ಕು ವಾರ ಮೊದಲು ಹಾಕಿ ಮಣ್ಣಿಗೆ ಸೇರಿಸಿದರೆ ಸಾಕು. ಲೇಯರ್ ಗೊಬ್ಬರದಲ್ಲಿ ಸುಣ್ಣಾಂಶ ಹೆಚ್ಚು. ನಮ್ಮ ಎರೆ ಭೂಮಿಯಲ್ಲಿ ಮೊದಲೇ ಸುಣ್ಣ ತುಂಬಿದೆ. ಆದ್ದರಿಂದ ಅದೇ ಹೊಲಕ್ಕೆ ವರ್ಷವೂ ಹಾಕದೆ ಹೊಲ ಬದಲಿಸಬೇಕು. 5,000ಕ್ಕಿಂತ ಹೆಚ್ಚು ಕೋಳಿ ಇರುವ ಫಾರ್ಮ್‌ಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕೆಂಬ ಮಾರ್ಗಸೂಚಿ ಈಗ ಇದೆ. ಕಾಗದದ ಮೇಲಿನ ಒಪ್ಪಿಗೆಗಿಂತ ಮುಚ್ಚಿದ ಗೊಬ್ಬರದ ಅಂಗಳ ಇದೆಯೇ ಎಂದು ನೋಡುವ ತಪಾಸಣೆ ನಡೆದರೆ ಊರಿನವರ ದೂರು ಅರ್ಧ ಕಡಿಮೆಯಾದೀತು.

ಇಷ್ಟೆಲ್ಲ ಮಾಡಿ ಬಂದ ತತ್ತಿ ಒಡೆದರೆ ಅಥವಾ ಕೆಟ್ಟರೆ ಅದರ ಹಿಂದಿನ 120 ಗ್ರಾಂ ದಾಣಿಯೂ ಹೋಯಿತು. ಶಾಲೆಗಳಿಗೆ ತತ್ತಿ ಕೊಳ್ಳುವಾಗ ಎಣಿಕೆಯ ಜೊತೆಗೆ ತೂಕವನ್ನೂ ನೋಡಬೇಕು. 45 ಗ್ರಾಂ ತತ್ತಿಗೂ 55 ಗ್ರಾಂ ತತ್ತಿಗೂ ಪ್ರೋಟೀನ್‌ನಲ್ಲಿ ಐದರಲ್ಲಿ ಒಂದು ಪಾಲು ವ್ಯತ್ಯಾಸ ಬರುತ್ತದೆ. 30 ತತ್ತಿಯ ಒಂದು ಟ್ರೇ, ಟ್ರೇ ತೂಕ ಬಿಟ್ಟು, ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಗಬಾರದು ಎಂಬ ಒಂದೇ ನಿಯಮ ಸಾಕು, ಅದನ್ನು ಅಡುಗೆ ಸಿಬ್ಬಂದಿಯೇ ತೂಗಿ ನೋಡಬಹುದು. ಮಾರ್ಚ್‌ನಿಂದ ಜೂನ್‌ವರೆಗೆ ಸಾಗಣೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕು, ವಾರಕ್ಕೆ ಒಂದು ಸಲದ ಬದಲು ಎರಡು ಸಲ ಬರಬೇಕು. ಚೂಪು ತುದಿ ಕೆಳಗಿರಲಿ. ಮೊದಲೇ ತೊಳೆದಿಟ್ಟರೆ ಸಿಪ್ಪೆಯ ಮೇಲಿನ ಪೊರೆ ಹೋಗಿ ಬೇಗ ಕೆಡುತ್ತದೆ, ಬೇಯಿಸುವ ಮುಂಚೆ ತೊಳೆದರೆ ಸಾಕು. ನೀರಿನಲ್ಲಿ ಬಿಟ್ಟಾಗ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಬಿಸಾಡಬೇಕು.

ಸರ್ಕಾರದಿಂದ ನಾವು ಕೇಳುವುದು ಹೆಚ್ಚೇನಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಬೀದರ್‌ನಲ್ಲೇ ಇದೆ, ಮೂರೂ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಐದು ಹತ್ತು ಸಾವಿರ ಕೋಳಿ ಸಾಕುವವರು ಅರ್ಧ ಕೆ.ಜಿ. ಮಾದರಿ ತಂದುಕೊಟ್ಟರೆ ತೇವಾಂಶ, ಪ್ರೋಟೀನ್, ಅಫ್ಲಾಟಾಕ್ಸಿನ್, ಸುಣ್ಣಕಲ್ಲಿನ ಕ್ಯಾಲ್ಸಿಯಂ, ನೀರಿನ ಕ್ಲೋರೈಡ್ ಈ ಐದು ಪರೀಕ್ಷೆಯ ವರದಿ ಮೂರು ದಿನದೊಳಗೆ ಮೊಬೈಲಿಗೆ ಬರುವ ವ್ಯವಸ್ಥೆ ಬೇಕು. ಲೋಡ್ ಇಳಿಸಿಕೊಂಡು ಹದಿನೈದು ದಿನದ ಮೇಲೆ ಬಂದ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಅಷ್ಟರಲ್ಲಿ ಆ ಹಿಂಡಿ ತತ್ತಿಯೋ ಹಿಕ್ಕೆಯೋ ಆಗಿರುತ್ತದೆ. ಮಾದರಿ ಸಂಗ್ರಹವನ್ನು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಮಾಡಿ, ಮೆಕ್ಕೆಜೋಳದ ಸುಗ್ಗಿಗೆ ಮುಂಚೆ ಶುರುಮಾಡಬೇಕೆಂದು ಮೂರೂ ಜಿಲ್ಲಾ ಪಂಚಾಯಿತಿಗಳನ್ನು ಈ ಪತ್ರದ ಮೂಲಕ ಕೋರುತ್ತೇವೆ.

ಇಂತಿ,
ಕೋಳಿ ದಾಣಿ ತಯಾರಿಕೆ ಮತ್ತು ಫಾರ್ಮ್ ನಿರ್ವಹಣೆಯಲ್ಲಿ ತೊಡಗಿರುವ ಓದುಗರು,
ಬೀದರ್ ಮತ್ತು ಕಲಬುರಗಿ